ಅಂಚು ಬಿಟ್ಟು ಬರೆಯುವುದು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಗಣಕಯಂತ್ರವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಯಂತ್ರದ ಅದ್ಭುತ ಸಾಧನೆಗಳ ವರ್ಣನೆಯನ್ನು ಅವರು ನಿರೀಕ್ಷಿಸಿರಬಹುದು. ಅಂಥ ವರ್ಣನೆಗಳಿಗೆ ಈಗ ಬರವಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೋಗ್ರಾಮು ಬರೆಯುವ ಕಸುಬಿನಲ್ಲಿಯೇ ಅನ್ನ ಉಂಡ ನನಗೆ ಹೇಳಬೇಕೆನಿಸುವುದು ಬಹಳ ಸಣ್ಣ ಸಂಗತಿ. ಯಂತ್ರವು ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿರುವ ಮಾಹಿತಿಯನ್ನು ಮನುಷ್ಯನಾದವನು ಓದಿ ತಿಳಿಯುವಂತೆ ಹಾಳೆಯ ಮೇಲೆ ಇಳಿಸುವುದು ಹೇಗೆ ಎಂಬುದೇ ಆ ಸಂಗತಿ. ಕಸುಬಿನವರು ಇದಕ್ಕೆ ‘ಪ್ರೆಟಿ ಪ್ರಿಂಟಿಂಗ್’ ಎನ್ನುತ್ತಾರೆ. ‘ಅಂದವಾದ ಮುದ್ರಣ’ ಎಂದು ಅದನ್ನು ಕನ್ನಡಿಸಿದರೆ ಏನೋ ಅಲಂಕಾರದ ವಿಷಯವೆಂಬ ಭಾವನೆ ಹುಟ್ಟೀತು. ಅಲಂಕಾರಕ್ಕೂ ಇದಕ್ಕೂ ಹೆಚ್ಚಿನ ನಂಟಿಲ್ಲವೆಂಬುದು ಮುಂದೆ ತಿಳಿಯುತ್ತದೆ.

ಯಂತ್ರದ ಒಳಗನ್ನು ಕಂಡರಿಯದ ಹಿರಿಯರು ಈ ಸಂಚಿಕೆಯ ವಾಚಕರಲ್ಲಿ ಅನೇಕರಿರುವುದರಿಂದ ಬುಡದಿಂದಲೇ ಆರಂಭಿಸುವುದು ಲೇಸು. ನಮ್ಮ ಪ್ರಸಾದ ನಿಲಯದ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೆಳಗಿದ ಮೇಲೆ ಒಂದರೊಳಗೊಂದನ್ನು ಕೂರಿಸಿ ಇಡುತ್ತಿದ್ದುದನ್ನು ಅಲ್ಲಿ ಉಂಡು ಬೆಳೆದವರೆಲ್ಲರೂ ಬಲ್ಲರು. ದೊಡ್ಡ ಕೊಪ್ಪರಿಗೆಯೊಳಗೆ ಸಣ್ಣ ಪಾತ್ರೆ, ಪಾತ್ರೆಯೊಳಗೆ ಬೋಗುಣಿ, ಬೋಗುಣಿಯೊಳಗೆ ಲೋಟ. ಗಣಕಯಂತ್ರದಲ್ಲಿ ಮಾಹಿತಿಯನ್ನು ಇಡುವ ಕ್ರಮವೂ ಬಹುಮಟ್ಟಿಗೆ ಇದೇ. ಶಾಲೆ ಎಂಬ ಹೆಸರಿನ ಒಳಗೆ ತರಗತಿಗಳು, ತರಗತಿಯೊಳಗೆ ವಿದ್ಯಾರ್ಥಿಗಳು, ಒಬ್ಬ ವಿದ್ಯಾರ್ಥಿಯ ಒಳಗೆ ಅವನ ಹೆಸರು, ಊರು, ತಂದೆತಾಯಿಗಳ ವಿವರ, ಆರು ವಿಷಯಗಳ ಅಂಕಗಳು. ಇವುಗಳಲ್ಲಿ ಕೆಲವು ಬರಿಯ ಪಟ್ಟಿಗಳು. ಒಂದನೆಯದು, ಎರಡನೆಯದು, ಮೂರನೆಯದು ಎಂಬ ಕ್ರಮವಷ್ಟೇ ಅವಕ್ಕೆ ಮುಖ್ಯ. ಇನ್ನು ಕೆಲವು ನಿಘಂಟಿನಂಥವು; ಒಂದೊಂದು ಹೆಸರಿನ ಮುಂದೆ ಅದರ ಬೆಲೆ. ಪಟ್ಟಿಯೊಳಗೆ ನಿಘಂಟು ಕೂರಬಹುದು, ನಿಘಂಟಿನೊಳಗೆ ಪಟ್ಟಿ ಕೂರಬಹುದು. ಇಷ್ಟೇ ಆಳವೆಂಬ ಮಿತಿಯಿಲ್ಲ.

ಈ ಒಳಹೊರಗು ಯಂತ್ರದ ಸ್ಮೃತಿಯಲ್ಲಿ ಪಾತ್ರೆಗಳಂತೆ ಕಣ್ಣಿಗೆ ಕಾಣುವ ರೂಪದಲ್ಲಿ ಇರುವುದಿಲ್ಲ. ಇಂಥದು ಇಂಥ ವಿಳಾಸದಲ್ಲಿದೆ, ಅಲ್ಲಿಂದ ಮುಂದಿನದು ಇನ್ನೊಂದು ವಿಳಾಸದಲ್ಲಿದೆ ಎಂಬ ಸೂಚನೆಗಳು ಮಾತ್ರ ಅಲ್ಲಿರುತ್ತವೆ. ಸಾಲು, ಪುಟ, ಅಂಚು ಇವೊಂದೂ ಯಂತ್ರಕ್ಕೆ ಬೇಕಿಲ್ಲ. ಅದನ್ನು ಹೊರಗೆ ತೋರಿಸೆಂದರೆ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಹರಿಯಬಿಟ್ಟು, ಒಳಗೆ ಹೋಗುವಾಗ ಒಂದು ಆವರಣ ಚಿಹ್ನೆಯನ್ನು ತೆರೆದು, ಹೊರಗೆ ಬರುವಾಗ ಮುಚ್ಚುತ್ತದೆ. ಒಬ್ಬ ವಿದ್ಯಾರ್ಥಿಯ ವಿವರವಾದರೆ ಇದು ಸಾಕು. ಇಡೀ ಶಾಲೆಯ ವಿವರವಾದರೆ, ನಡುವೆ ಎಲ್ಲಿಯೋ ಕಂಡ ಒಂದು ಹೆಸರು ಯಾವ ತರಗತಿಗೆ ಸೇರಿದ್ದೆಂದು ತಿಳಿಯಲು ಹಿಂದಕ್ಕೆ ಸಾವಿರಾರು ಅಕ್ಷರಗಳನ್ನು ಬೆರಳಿಟ್ಟು ಎಣಿಸಿಕೊಂಡು ಹೋಗಬೇಕು. ಮಾಹಿತಿಯಲ್ಲಿ ಸುಳ್ಳಿಲ್ಲ, ಲೋಪವೂ ಇಲ್ಲ; ಆದರೆ ಓದಲಾಗದು.

ಕನ್ನಡಿಗರಿಗೆ ಇದೇನೂ ಅಪರಿಚಿತವಾದ ಕಷ್ಟವಲ್ಲ. ನಮ್ಮ ಶಾಸನಗಳಲ್ಲಿ ಪದಪದಗಳ ನಡುವೆ ತೆರಪು ಬಿಡುವ ರೂಢಿ ಇರಲಿಲ್ಲ. 1886ರಲ್ಲಿ ಬಿ. ಎಲ್. ರೈಸ್ ಅವರು ಕೊಡಗಿನ ಶಾಸನಗಳಿಂದ ಆರಂಭಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತರತೊಡಗಿದ ಮೇಲೆ, ಕಲ್ಲಿನ ಮೇಲಿನ ಬರಹವನ್ನು ಪದ ಬಿಡಿಸಿ ಓದುವ ವಿದ್ಯೆ ನಮ್ಮಲ್ಲಿ ಒಂದು ಶಾಸ್ತ್ರವಾಗಿ ಬೆಳೆಯಿತು. ಕಲ್ಲಿನಲ್ಲಿರುವ ಅಕ್ಷರಗಳಿಗೆ ಒಂದನ್ನೂ ಕೂಡಿಸದೆ, ಒಂದನ್ನೂ ಕಳೆಯದೆ, ತೆರಪನ್ನು ಮಾತ್ರ ಸರಿಯಾದ ಕಡೆ ಇಡುವುದು. ಸಂಪಾದಕನ ವಿದ್ವತ್ತಿನ ಅರ್ಧ ಭಾಗ ಅದರಲ್ಲಿಯೇ ಇದೆ. ತೆರಪು ತಪ್ಪಿದರೆ ದಾನ ಕೊಟ್ಟವನು ದಾನ ಪಡೆದವನಾದಾನು.

ಯಂತ್ರದ ಲೋಕದಲ್ಲಿ ಈ ಕಷ್ಟವನ್ನು ಮೊದಲು ತೀವ್ರವಾಗಿ ಅನುಭವಿಸಿದವರು ಲಿಸ್ಪ್ ಭಾಷೆಯನ್ನು ಬಳಸುತ್ತಿದ್ದವರು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1958ರಲ್ಲಿ ಜಾನ್ ಮೆಕಾರ್ಥಿಯವರು ಈ ಭಾಷೆಯನ್ನು ರೂಪಿಸತೊಡಗಿ, 1960ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅದರಲ್ಲಿ ಮಾಹಿತಿಯೂ ಪಟ್ಟಿಯೇ, ಪ್ರೋಗ್ರಾಮೂ ಪಟ್ಟಿಯೇ. ಎಲ್ಲವೂ ದುಂಡನೆಯ ಆವರಣಗಳೊಳಗೆ. ಒಂದು ಸಾಮಾನ್ಯ ಪ್ರೋಗ್ರಾಮಿನ ಕೊನೆಯಲ್ಲಿ ಏಳೆಂಟು ಮುಚ್ಚುವ ಆವರಣಗಳು ಸಾಲಾಗಿ ನಿಂತಿರುವುದು ಅಲ್ಲಿ ದಿನನಿತ್ಯದ ನೋಟ. 1967ರಲ್ಲಿ ಅಲ್ಲಿಯವರೇ ಆದ ಬಿಲ್ ಗಾಸ್ಪರ್ ಎಂಬುವರು ಇಂಥ ಪಟ್ಟಿಗಳನ್ನು ಸಾಲಿನ ಉದ್ದವನ್ನು ಅಳೆದು ನೋಡಿ ಮುರಿದು ಬರೆಯುವ ‘ಗ್ರೈಂಡೆಫ್’ ಎಂಬ ಪ್ರೋಗ್ರಾಮನ್ನು ಮಾಡಿದರು. ಗ್ರೈಂಡ್ ಎಂದರೆ ಬೀಸುವುದು, ಅರೆಯುವುದು. ಇಡಿಯ ಕಾಳನ್ನು ಹಾಗೆಯೇ ನುಂಗಲಾಗದು ಎಂಬ ಅಭಿಪ್ರಾಯವಿದ್ದೀತೆಂದು ನಾನು ಊಹಿಸುತ್ತೇನೆ. 1973ರಲ್ಲಿ ಐರಾ ಗೋಲ್ಡ್‌ಸ್ಟೀನ್ ಅವರು ಈ ವಿಷಯವನ್ನು ಕುರಿತೇ ಒಂದು ಪ್ರಬಂಧವನ್ನು ಬರೆದರು. ಅದಾದ ಮೇಲೆ 1980ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೆರೆಕ್ ಆಪೆನ್ ಅವರು ಪ್ರಕಟಿಸಿದ ವಿಧಾನವಂತೂ ಮುಂದಿನವರಿಗೆಲ್ಲ ಮೇಲ್ಪಂಕ್ತಿಯಾಯಿತು.

ಆಪೆನ್ ಅವರ ವಿಧಾನವನ್ನು ಅಚ್ಚುಮೊಳೆ ಜೋಡಿಸುವವನ ಕೆಲಸಕ್ಕೆ ಹೋಲಿಸಿ ಹೇಳಬಹುದು. ಮೊಳೆ ಜೋಡಿಸುವವನ ಕೈಯಲ್ಲಿರುವ ಪಟ್ಟಿಯ ಅಗಲ ಗೊತ್ತಾಗಿದೆ. ಮುಂದಿನ ಗುಂಪು, ಎಂದರೆ ಆವರಣ ತೆರೆದಲ್ಲಿಂದ ಅದು ಮುಚ್ಚುವವರೆಗಿನದು, ಉಳಿದ ಜಾಗದಲ್ಲಿ ಹಿಡಿಸುವುದೋ ಇಲ್ಲವೋ ಎಂದು ಅವನು ನೋಡುತ್ತಾನೆ. ಹಿಡಿಸಿದರೆ ಒಂದೇ ಸಾಲು. ಹಿಡಿಸದಿದ್ದರೆ ಗುಂಪನ್ನು ಅದರ ಸಂದುಗಳಲ್ಲಿ ಮುರಿದು, ಒಂದೊಂದು ಭಾಗವನ್ನೂ ಕೆಳಕೆಳಗೆ, ಎಡದಲ್ಲಿ ಸ್ವಲ್ಪ ಜಾಗ ಬಿಟ್ಟು ಇಡಬೇಕು. ಆ ಭಾಗಗಳಲ್ಲಿಯೂ ಅದೇ ಪರೀಕ್ಷೆ. ಇಷ್ಟು ಯಾರಿಗಾದರೂ ತೋಚುವಂಥದು. ಆಪೆನ್ ಅವರ ಜಾಣತನವಿರುವುದು ಮುಂದಿನ ಮಾತಿನಲ್ಲಿ. ಒಂದು ಗುಂಪು ಹಿಡಿಸುವುದೇ ಎಂದು ತಿಳಿಯಲು ಅದರ ಕೊನೆಯವರೆಗೆ ಓದಬೇಕಾಗಿಲ್ಲ. ಸಾಲಿನಲ್ಲಿ ಉಳಿದಿರುವುದು ಮೂವತ್ತು ಅಕ್ಷರಗಳ ಜಾಗವಾದರೆ, ಮೂವತ್ತು ಅಕ್ಷರ ಓದಿದರೂ ಗುಂಪು ಮುಗಿಯದಿದ್ದಾಗ ಅದು ಹಿಡಿಸುವುದಿಲ್ಲವೆಂದು ಅಲ್ಲಿಯೇ ತೀರ್ಮಾನವಾಯಿತು. ಆದುದರಿಂದ ಗುಂಪು ಎಷ್ಟು ದೊಡ್ಡದಿದ್ದರೂ ಮುನ್ನೋಟ ಒಂದು ಸಾಲಿನಷ್ಟು ಸಾಕು. ಕೆಲಸಕ್ಕೆ ಹಿಡಿಯುವ ಕಾಲವೂ ಬರಹದ ಉದ್ದಕ್ಕೆ ತಕ್ಕಷ್ಟೇ ಬೆಳೆಯುತ್ತದೆ. ಮುಂದೆ 1995ರಲ್ಲಿ ಜಾನ್ ಹ್ಯೂಸ್, ಅವರ ಬೆನ್ನಿಗೆ ಫಿಲಿಪ್ ವಾಡ್ಲರ್ ಇದನ್ನೇ ಬೀಜಗಣಿತದ ನಿಯಮಗಳಂತೆ ಅಡಕವಾಗಿ ನಿರೂಪಿಸಿದರು. ಅದು ವಿದ್ವಾಂಸರಿಗೆ ಬಿಟ್ಟ ವಿಷಯ.

ಇಂದು ನಮ್ಮ ಮಕ್ಕಳು ಕಲಿಯುವ ಪೈಥಾನ್ ಭಾಷೆಯನ್ನು ನೆದರ್ಲೆಂಡ್ಸಿನ ಗೈಡೋ ವಾನ್ ರಾಸಮ್ ಅವರು 1991ರಲ್ಲಿ ಮೊದಲು ಹೊರತಂದರು. ಅದರ ಜೊತೆಯಲ್ಲಿಯೇ ‘ಪಿಪ್ರಿಂಟ್’ ಎಂಬ ಸಲಕರಣೆ ದೊರೆಯುತ್ತದೆ. ಅಗಲವನ್ನು ನಾವು ಹೇಳದಿದ್ದರೆ ಅದು ಸಾಲಿಗೆ 80 ಅಕ್ಷರ ಎಂದು ಹಿಡಿಯುತ್ತದೆ. ಈ 80 ಎಲ್ಲಿಂದ ಬಂತೆಂಬುದು ಸ್ವಾರಸ್ಯದ ವಿಷಯ. 1928ರಲ್ಲಿ ಐ.ಬಿ.ಎಂ. ಕಂಪನಿಯವರು ತೂತು ಕೊರೆಯುವ ರಟ್ಟಿನ ಕಾರ್ಡಿನಲ್ಲಿ 80 ಅಂಕಣಗಳನ್ನು ಮಾಡಿದರು. ಆ ಕಾರ್ಡುಗಳ ಕಾಲ ಮುಗಿದ ಮೇಲೆ ಬಂದ ಪರದೆಗಳು ಅದೇ ಅಗಲವನ್ನು ಉಳಿಸಿಕೊಂಡವು. ತಾತನ ಅಳತೆಗೆ ಹೊಲಿದ ಅಂಗಿಯನ್ನು ಮೊಮ್ಮಗ ತೊಟ್ಟ ಹಾಗಾಯಿತು.

ಪಿಪ್ರಿಂಟಿನ ಗುಣವೆಂದರೆ ಅದು ಜಿಪುಣ. ಹಿಡಿಸುವ ತನಕ ಸಾಲನ್ನು ಮುರಿಯುವುದಿಲ್ಲ. ಆರು ವಿಷಯಗಳ ಅಂಕಗಳು ಅದರಲ್ಲಿ ಒಂದೇ ಸಾಲಿನಲ್ಲಿ ಬರುತ್ತವೆ, ಒಂದು ನೋಟಕ್ಕೆ ಸಿಕ್ಕುತ್ತವೆ. ಇದಕ್ಕೆ ಎದುರಾಗಿ, ಮಾಹಿತಿಯನ್ನು ಊರಿಂದೂರಿಗೆ ಕಳುಹಿಸಲು ಈಗ ಎಲ್ಲೆಡೆ ಬಳಕೆಯಲ್ಲಿರುವ ‘ಜೇಸನ್’ ಎಂಬ ಬರಹದ ಕ್ರಮವಿದೆ. 2001ರ ಹೊತ್ತಿಗೆ ಡಗ್ಲಸ್ ಕ್ರಾಕ್‌ಫರ್ಡ್ ಅವರು ಅದಕ್ಕೆ ಆ ಹೆಸರನ್ನೂ ರೂಪವನ್ನೂ ಕೊಟ್ಟರು. ಪೈಥಾನಿನಲ್ಲಿ ಜೇಸನ್ನನ್ನು ಅಂಚು ಬಿಟ್ಟು ಮುದ್ರಿಸೆಂದರೆ ಅದು ಧಾರಾಳಿ. ಒಂದೊಂದು ಅಂಕಕ್ಕೂ ಒಂದೊಂದು ಸಾಲು. ಆವರಣ ತೆರೆಯಲು ಒಂದು, ಮುಚ್ಚಲು ಇನ್ನೊಂದು. ಆರು ಅಂಕಗಳಿಗೆ ಎಂಟು ಸಾಲು ಖರ್ಚಾಗುತ್ತದೆ. ನೂರು ಮಕ್ಕಳ ಪಟ್ಟಿ ಹೀಗೆ ಬಂದರೆ ಓದುವವನ ಬೆರಳು ಹಾಳೆ ತಿರುವಿಯೇ ಸವೆಯುತ್ತದೆ. ಬಹುಕಾಲ ನಾನು ಪಿಪ್ರಿಂಟಿನ ಪಕ್ಷಪಾತಿಯಾಗಿದ್ದೆ. ಅದರಲ್ಲಿಯೂ ಒಂದು ಕೊರತೆಯಿದೆ: ನಿಘಂಟಿನ ಹೆಸರು ಮುಗಿದ ಜಾಗದಿಂದಲೇ ಒಳಗಿನದನ್ನು ಆರಂಭಿಸುವುದರಿಂದ, ಹೆಸರುಗಳು ಉದ್ದವಾಗಿದ್ದು ಆಳವೂ ಹೆಚ್ಚಿದರೆ ಎಲ್ಲವೂ ಬಲಕ್ಕೆ ಬಲಕ್ಕೆ ಜರುಗುತ್ತ ಹಾಳೆಯ ಅಂಚಿಗೆ ಬಂದು ಮುದುಡಿಕೊಳ್ಳುತ್ತದೆ, ಎಡಭಾಗ ಬೀಳು ಹೊಲದಂತೆ ಖಾಲಿ ಬಿದ್ದಿರುತ್ತದೆ.

ಇಷ್ಟೆಲ್ಲ ಕಸುಬಿನವರ ಜಗಳ. ಇದು ಕಸುಬಿನ ಹೊರಗಿನವರಿಗೂ ತಟ್ಟುವ ವಿಷಯವೆಂದು ನನಗೆ ಮನದಟ್ಟಾದುದು ಕೆಲವು ವರ್ಷಗಳ ಹಿಂದೆ, ವಿದ್ಯಾರ್ಥಿವೇತನ ಹಂಚುವ ಕಚೇರಿಯೊಂದರಲ್ಲಿ. ಅದರ ಹೆಸರು ಇಲ್ಲಿ ಬೇಡ. ಅರ್ಜಿ ಹಾಕಿ ಮಂಜೂರಾಗಿದ್ದ ಕೆಲವು ಮಕ್ಕಳಿಗೆ ಹಣ ಬಂದಿರಲಿಲ್ಲ. ಪಾಲಕರು ತಿಂಗಳುಗಟ್ಟಲೆ ಅಲೆದಿದ್ದರು. ಕಚೇರಿಯವರು ಪ್ರೋಗ್ರಾಮು ಒದಗಿಸಿದವರನ್ನು ಕೇಳಿದರೆ, ನಮ್ಮ ಕಡತ ಸರಿಯಾಗಿದೆ ಎಂದು ಅವರು ಉತ್ತರ ಕೊಟ್ಟಿದ್ದರು. ಆ ಮಾತು ಸುಳ್ಳಾಗಿರಲಿಲ್ಲ. ಮಂಜೂರಾದ ಮಕ್ಕಳೆಷ್ಟೋ ಅಷ್ಟೇ ಹೆಸರುಗಳು ಕಡತದಲ್ಲಿದ್ದವು. ತೆರೆದ ಆವರಣಗಳೆಲ್ಲ ಮುಚ್ಚಿದ್ದವು. ಯಂತ್ರವು ಅದನ್ನು ತಕರಾರಿಲ್ಲದೆ ಓದುತ್ತಿತ್ತು. ನಿವೃತ್ತನಾಗಿ ಊರಲ್ಲಿದ್ದ ನನ್ನನ್ನು, ಸ್ವಲ್ಪ ನೋಡಿ ಹೇಳಿರೆಂದು ಪರಿಚಿತರೊಬ್ಬರು ಕರೆದುಕೊಂಡು ಹೋದರು.

ಕಡತವು ಜೇಸನ್ ಕ್ರಮದಲ್ಲಿತ್ತು. ಮೊದಲಿನಿಂದ ಕೊನೆಯವರೆಗೆ ಒಂದೇ ಸಾಲು. ಅದಕ್ಕಿಂತ ಕೆಟ್ಟದ್ದೆಂದರೆ, ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಮಕ್ಕಳ ಹೆಸರು, ಊರಿನ ಹೆಸರು, ತಂದೆಯ ಹೆಸರು ಎಲ್ಲವೂ ಸಂಕೇತಗಳಾಗಿದ್ದವು. ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1963ರಲ್ಲಿ ಅಮೆರಿಕದಲ್ಲಿ ನಿಗದಿಯಾದ ‘ಆಸ್ಕಿ’ ಎಂಬ ಅಕ್ಷರಕೋಷ್ಟಕದಲ್ಲಿ ಇರುವುದು 128 ಸ್ಥಾನಗಳು. ಇಂಗ್ಲಿಷಿಗೆ ಸಾಕು, ಬೇರೆ ಭಾಷೆಗಳಿಗೆ ಅಲ್ಲಿ ಜಾಗವಿಲ್ಲ. ಮುಂದೆ ಬಂದ ಯೂನಿಕೋಡ್ ಕೋಷ್ಟಕದಲ್ಲಿ ಕನ್ನಡಕ್ಕೂ ಒಂದು ಕೇರಿಯನ್ನು ಕೊಟ್ಟರು. ಆದರೆ ಪೈಥಾನ್ ಜೇಸನ್ನನ್ನು ಬರೆಯುವಾಗ, ನಾವು ಬೇರೆ ಹೇಳದಿದ್ದರೆ, ಇಂದಿಗೂ ಆಸ್ಕಿಯ ಹೊರಗಿನ ಪ್ರತಿಯೊಂದು ಅಕ್ಷರವನ್ನೂ ಅದರ ಕ್ರಮಾಂಕವಾಗಿ ಬದಲಾಯಿಸಿಬಿಡುತ್ತದೆ. ‘ಕ’ ಎಂಬುದು ಒಂದು ಓರೆಗೆರೆ, ‘ಯು’ ಎಂಬ ಇಂಗ್ಲಿಷ್ ಅಕ್ಷರ, ಬಳಿಕ ಸೊನ್ನೆ, ‘ಸಿ’, 9, 5 ಎಂದಾಗುತ್ತದೆ. ‘ಕನ್ನಡ’ ಎಂಬ ಪುಟ್ಟ ಪದಕ್ಕೆ ಯೂನಿಕೋಡಿನಲ್ಲಿ ಐದು ಕ್ರಮಾಂಕಗಳು, ಒಂದೊಂದಕ್ಕೆ ಆರು ಗುರುತು. ಒಟ್ಟು 30 ಗುರುತುಗಳ ಸರಪಳಿ. ಹಳೆಯ ಯಂತ್ರಗಳ ನಡುವೆ ಅಕ್ಷರ ಕೆಡದಂತೆ ಸಾಗಿಸಲು ಇದು ಕ್ಷೇಮವೆಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಬೇರೆ ಬೇರೆ ಸಂಸ್ಥೆಗಳ ಯಂತ್ರಗಳ ನಡುವೆ ಜೇಸನ್ ಹೋಗಿ ಬರುವಾಗ ಎಲ್ಲ ಭಾಷೆಗಳಿಗೂ ಎಡೆಯಿರುವ ಯುಟಿಎಫ್-8 ರೂಪದಲ್ಲಿಯೇ ಇರಬೇಕೆಂದು 2017ರಲ್ಲಿ ನಿಯಮವಾದ ಮೇಲೆ ಆ ಭಯಕ್ಕೆ ಆಧಾರವಿಲ್ಲ. ರೂಢಿ ಮಾತ್ರ ಉಳಿದಿದೆ.

ನಾನು ಆ ಕಡತವನ್ನು ಓದಿಸಿ, ಸಂಕೇತ ಬೇಡ ಅಕ್ಷರವೇ ಇರಲಿ ಎಂದು ಸೂಚಿಸಿ, ಒಂದೊಂದು ಒಳಮಟ್ಟಕ್ಕೂ ನಾಲ್ಕು ಅಕ್ಷರದಷ್ಟು ಅಂಚು ಬಿಟ್ಟು ಮುದ್ರಿಸಿದೆ. ಹಾಳೆಗಳು ಬಹಳವಾದವು. ನನ್ನ ಕಣ್ಣಿಗೆ ಅದರಲ್ಲಿ ತಪ್ಪೇನೂ ಹೊಳೆಯಲಿಲ್ಲ. ಹೊಳೆಯುವ ಸಂಭವವೂ ಇರಲಿಲ್ಲ, ಏಕೆಂದರೆ ಆ ಮಕ್ಕಳನ್ನಾಗಲಿ ಮನೆತನಗಳನ್ನಾಗಲಿ ನಾನು ಅರಿಯೆ. ಪಕ್ಕದ ಮೇಜಿನಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಮಹಿಳಾ ಗುಮಾಸ್ತರಿದ್ದರು. ಅರ್ಜಿಗಳನ್ನೆಲ್ಲ ಕೈಯಾರೆ ತೆಗೆದುಕೊಂಡಿದ್ದವರು ಅವರೇ. ಗಣಕಯಂತ್ರದ ಕೆಲಸ ತಮ್ಮದಲ್ಲವೆಂದು ದೂರವಿದ್ದ ಅವರು, ಹಾಳೆಯ ಮೇಲೆ ಕನ್ನಡ ಹೆಸರುಗಳು ಕಂಡುದರಿಂದ ಕುತೂಹಲಗೊಂಡು ಒಂದು ಕಟ್ಟನ್ನು ಎತ್ತಿಕೊಂಡು ನೋಡತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

“ಸರ, ಈ ತಂಗಿ ಅಣ್ಣನ ಲೆಕ್ಕದೊಳಗ ಯಾಕ ಕುಂತಾಳ್ರಿ? ಬಾಜೂಕ ಕುಂಡ್ರಬೇಕಿತ್ತಲ್ಲ?”

“ಎಲ್ಲಿ ಅಕ್ಕಾರ, ತೋರಸ್ರಿ,” ಎಂದೆ.

ಅವರು ಬೆರಳಿಟ್ಟ ಕಡೆ ನೋಡಿದೆ. ಕುಟುಂಬದ ಹೆಸರಿನ ಒಳಗೆ ಮಕ್ಕಳು ಎಂಬ ಪಟ್ಟಿ. ಅದರಲ್ಲಿ ಅಣ್ಣನೂ ತಂಗಿಯೂ ಒಂದೇ ಅಂಚಿನಲ್ಲಿ ಅಕ್ಕಪಕ್ಕ ಇರಬೇಕು. ಹೆಚ್ಚಿನ ಕುಟುಂಬಗಳಲ್ಲಿ ಹಾಗೆಯೇ ಇತ್ತು. ಈ ಕುಟುಂಬದಲ್ಲಿ ಮಾತ್ರ ತಂಗಿಯ ವಿವರವೆಲ್ಲ ಅಣ್ಣನ ವಿವರದ ಒಳಗೆ, ಅವನ ಊರು, ತರಗತಿಗಳ ಸಾಲಿನಲ್ಲಿ, ಬಲಕ್ಕೆ ಸರಿದು ನಿಂತಿತ್ತು. ಹಣ ಕಳುಹಿಸುವ ಪ್ರೋಗ್ರಾಮು ಮಕ್ಕಳ ಪಟ್ಟಿಯಲ್ಲಿ ಇರುವವರನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತದೆ. ಒಬ್ಬರ ಹೊಟ್ಟೆಯೊಳಗೆ ಇನ್ನೊಬ್ಬರು ಇದ್ದಾರೆಯೇ ಎಂದು ಬಗೆದು ನೋಡುವುದಿಲ್ಲ. ಹೆಸರುಗಳ ಲೆಕ್ಕ ಕೂಡುತ್ತದೆ, ಹಣ ಮಾತ್ರ ಹೋಗುವುದಿಲ್ಲ. ಆಮೇಲೆ ಇಬ್ಬರೂ ಕುಳಿತು ಎಡ ಅಂಚನ್ನು ಮಾತ್ರ ನೋಡುತ್ತ ಹಾಳೆಗಳನ್ನು ತಿರುವಿದೆವು. ಒಳಗೆ ಸರಿದ ಒಂದೊಂದು ಹೆಸರಿಗೂ ಅವರು ನೀಲಿ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದರು. ಅರ್ಧ ಮುಗಿಯುವ ಮೊದಲೇ ಅವರ ಬಾಯಿಂದ ಕಾರಣವೂ ಹೊರಬಿತ್ತು: “ಇವ್ರೆಲ್ಲಾ ಕಡೀ ತಾರೀಖ ಮುಂದ ಹಾಕಿದ ಮ್ಯಾಲೆ ಬಂದವ್ರು ನೋಡ್ರಿ ಸರ.” ಮೊದಲ ಮಗುವಿನ ಅರ್ಜಿ ಅವಧಿಯೊಳಗೆ ಬಂದು, ಎರಡನೆಯ ಮಗುವಿನದು ಅವಧಿ ವಿಸ್ತರಿಸಿದ ಮೇಲೆ ಬಂದ ಮನೆಗಳಲ್ಲಿ ಮಾತ್ರ ಹೀಗಾಗಿತ್ತು. ತಡವಾಗಿ ಬಂದುದನ್ನು ಸೇರಿಸುವ ಪ್ರೋಗ್ರಾಮಿನ ಭಾಗ ಅದನ್ನು ಒಂದು ಮಟ್ಟ ಒಳಗೆ ಸೇರಿಸುತ್ತಿತ್ತು.

ಗುರುತು ಹಾಕಿದ ಹಾಳೆಗಳನ್ನು ಕಳುಹಿಸಿದ ಮೇಲೆ ಪ್ರೋಗ್ರಾಮಿನವರು ಮರುಮಾತಿಲ್ಲದೆ ತಿದ್ದಿದರು. ಮುಂದಿನ ಕಂತಿನಲ್ಲಿ ಹಣ ಬಂತು. ಅಷ್ಟರೊಳಗೆ ಒಬ್ಬ ಹುಡುಗಿ ಶಾಲೆ ಬಿಟ್ಟು ಗುಳೆ ಹೋದ ತಂದೆತಾಯಿಗಳ ಜೊತೆ ಹೋಗಿಬಿಟ್ಟಿದ್ದಳೆಂದು ಆ ಗುಮಾಸ್ತರೇ ನನಗೆ ಹೇಳಿದರು.

ಆ ಕಡತವು ಕಚೇರಿಯಲ್ಲಿ ತಿಂಗಳುಗಟ್ಟಲೆ ಇತ್ತು. ಅದರಲ್ಲಿನ ತಪ್ಪನ್ನು ಕಂಡುಹಿಡಿಯಬಲ್ಲ ವ್ಯಕ್ತಿಯೂ ಅದೇ ಕೋಣೆಯಲ್ಲಿ, ಎರಡು ಮಾರು ದೂರದಲ್ಲಿ ಕುಳಿತಿದ್ದರು. ಇಬ್ಬರ ನಡುವೆ ಅಡ್ಡವಾಗಿದ್ದುದು ಎರಡು ಸಣ್ಣ ಆಯ್ಕೆಗಳು, ಅಂಚು ಬಿಡದಿರುವುದು ಮತ್ತು ಅಕ್ಷರದ ಬದಲು ಸಂಕೇತ ಬರೆಯುವುದು. ಎರಡನ್ನೂ ಯಾರೂ ಬೇಕೆಂದು ಆರಿಸಿದ್ದಲ್ಲ. ಯಾರೂ ಏನೂ ಹೇಳದಿದ್ದಾಗ ಯಂತ್ರವು ತಾನಾಗಿ ಮಾಡುವಂಥವು. ಪ್ರೋಗ್ರಾಮು ಬರೆಯುವವರು ಓದುಗನೆಂದರೆ ತಮ್ಮಂಥವನೇ ಎಂದು ಭಾವಿಸುತ್ತಾರೆ. ಅಂಥ ಓದುಗನಿಗೆ ಆವರಣಗಳ ಲೆಕ್ಕ ಗೊತ್ತು, ಆದರೆ ಯಾವ ಮಗು ಯಾವ ತಾರೀಖಿಗೆ ಬಂದಿತ್ತೆಂಬುದು ಗೊತ್ತಿಲ್ಲ.

ಓದಲು ಅನುಕೂಲವಾಗಲೆಂದು ಯಂತ್ರವು ಮಾಡುವ ಇತರ ಕೆಲಸಗಳಲ್ಲಿಯೂ ಇಂಥ ಮರೆಯ ತೀರ್ಮಾನಗಳಿವೆ. ಪಿಪ್ರಿಂಟ್ ನಿಘಂಟಿನ ಹೆಸರುಗಳನ್ನು ತಾನೇ ಅಕಾರಾದಿಯಾಗಿ ಜೋಡಿಸುತ್ತದೆ. ಬೇಡವೆನ್ನುವ ಅವಕಾಶ ಬಂದುದು 2019ರ ಆವೃತ್ತಿಯಲ್ಲಿ. ನಿನ್ನೆಯ ಪ್ರತಿಯನ್ನೂ ಇಂದಿನ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವಾಗ ಈ ಜೋಡಣೆ ಬಹಳ ಉಪಕಾರಿ. ಆದರೆ ಕನ್ನಡದ ಹೆಸರುಗಳಿಗೆ ಅದು ಅನುಸರಿಸುವುದು ಯೂನಿಕೋಡಿನ ಕ್ರಮಾಂಕವನ್ನು. ಅಲ್ಲಿ ‘ಳ’ಕಾರವು ‘ಲ’ಕಾರದ ಬೆನ್ನಿಗೇ, ‘ವ’ಕಾರಕ್ಕಿಂತ ಮೊದಲು ಕುಳಿತಿದೆ. ನಮ್ಮ ವರ್ಣಮಾಲೆಯಲ್ಲಿಯಾದರೋ ‘ಳ’ ಬರುವುದು ‘ಹ’ಕಾರದ ನಂತರ, ಕಟ್ಟಕಡೆಗೆ. ಹೀಗಾಗಿ ಬಸವಕಲ್ಯಾಣಕ್ಕಿಂತ ಮೊದಲು ಬಳ್ಳಾರಿ ಬಂದು ನಿಲ್ಲುತ್ತದೆ. ಪದಕೋಶ ತಿರುವಿ ಅಭ್ಯಾಸವಿರುವ ನಮ್ಮ ಕನ್ನಡ ಪಂಡಿತರು ಪಟ್ಟಿಯ ಕೊನೆಯ ಭಾಗದಲ್ಲಿ ಬಳ್ಳಾರಿಯನ್ನು ಹುಡುಕಿ, ಅದು ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂದುಕೊಂಡರೆ ಆಶ್ಚರ್ಯವಿಲ್ಲ.

ಇನ್ನೊಂದು, ಆಳಕ್ಕೆ ಮಿತಿ ಹಾಕುವುದು. ಎರಡು ಮಟ್ಟದವರೆಗೆ ತೋರಿಸು ಸಾಕೆಂದರೆ ಪಿಪ್ರಿಂಟ್ ಅದಕ್ಕಿಂತ ಒಳಗಿರುವುದರ ಬದಲು ಮೂರು ಚುಕ್ಕೆಗಳನ್ನು ಇಡುತ್ತದೆ. ದೊಡ್ಡ ಮಾಹಿತಿಯ ಮೈಕಟ್ಟನ್ನು ಒಮ್ಮೆ ನೋಡಿಕೊಳ್ಳಲು ಇದು ಒಳ್ಳೆಯ ಉಪಾಯ. ಆದರೆ ನಾನು ಹೇಳಿದ ಆ ಕಚೇರಿಯ ಹಾಳೆಗಳನ್ನು ಹೀಗೆ ಮುದ್ರಿಸಿದ್ದರೆ ತಂಗಿಯರೆಲ್ಲ ಆ ಚುಕ್ಕೆಗಳೊಳಗೇ ಅಡಗಿಹೋಗುತ್ತಿದ್ದರು. ತನ್ನೊಳಗೆ ತಾನೇ ಇರುವ ಪಟ್ಟಿಗಳೂ ಉಂಟು. ಎದುರುಬದರು ಇಟ್ಟ ಎರಡು ಕನ್ನಡಿಗಳಂತೆ ಅದಕ್ಕೆ ಕೊನೆಯಿಲ್ಲ. ಅಲ್ಲಿ ಪಿಪ್ರಿಂಟ್ ಒಂದು ಸುತ್ತಾದ ಕೂಡಲೇ ಇದು ಮತ್ತೆ ಅದೇ ಪಟ್ಟಿ ಎಂದು ಬರೆದು ನಿಲ್ಲುತ್ತದೆ. ಜೇಸನ್ನಾಗಿ ಬರೆಯೆಂದರೆ, ಇದು ಸುತ್ತಿಕೊಂಡಿದೆ ಎಂದು ಹೇಳಿ ಕೈಚೆಲ್ಲುತ್ತದೆ. ಎರಡೂ ಪ್ರಾಮಾಣಿಕ ನಡವಳಿಕೆಗಳೇ.

ಅಗಲದ ವಿಷಯ ಉಳಿಯಿತು. ಕನ್ನಡದ ಮಟ್ಟಿಗೆ ಇದು ಇನ್ನೂ ಸರಿಹೋಗಿಲ್ಲ. ಪಿಪ್ರಿಂಟ್ ಸಾಲಿನ ಉದ್ದವನ್ನು ಎಣಿಸುವುದು ಯೂನಿಕೋಡಿನ ಕ್ರಮಾಂಕಗಳಿಂದ. ‘ಕನ್ನಡ’ ಅದಕ್ಕೆ ಐದು. ಓದುವವನ ಕಣ್ಣಿಗೆ ಮೂರು ಅಕ್ಷರ. ಒತ್ತಕ್ಷರಗಳು ಹೆಚ್ಚಾದಷ್ಟೂ ಈ ಅಂತರ ಹೆಚ್ಚುತ್ತದೆ. ಸಾಲದುದಕ್ಕೆ, ‘ಬ್ಯಾಂಕ್‌ಗೆ’ ಎಂಬಂಥ ಪದಗಳಲ್ಲಿ ‘ಕ’ಕಾರಕ್ಕೆ ‘ಗ’ಕಾರ ಒತ್ತಾಗದಂತೆ ತಡೆಯಲು ಇಡುವ ಕಣ್ಣಿಗೆ ಕಾಣದ ಗುರುತೊಂದಿದೆ, ಪಿಪ್ರಿಂಟ್ ಅದನ್ನು ಮುದ್ರಿಸಲಾಗದ ವಸ್ತುವೆಂದು ತಿಳಿದು ಪದದ ನಟ್ಟನಡುವೆ ಸಂಕೇತವಾಗಿ ತುರುಕುತ್ತದೆ. ನಾನು ಮೊದಲು ಮೆಚ್ಚಿಕೊಂಡಿದ್ದ ಅದರ ಕ್ರಮ, ಎಂದರೆ ಹೆಸರು ಮುಗಿದ ಜಾಗಕ್ಕೆ ಸರಿಯಾಗಿ ಕೆಳಗಿನ ಸಾಲುಗಳನ್ನು ಜೋಡಿಸುವುದು, ಕನ್ನಡದ ಹೆಸರುಗಳಲ್ಲಿ ಕೆಟ್ಟುಹೋಗುತ್ತದೆ. ಯಂತ್ರ ಎಣಿಸಿದ ಅಳತೆಯೇ ಬೇರೆ, ಹಾಳೆಯ ಮೇಲೆ ಬಿದ್ದ ಅಳತೆಯೇ ಬೇರೆ. ಒಂದೇ ಮಟ್ಟದ ಸಾಲುಗಳು ಹಿಂದುಮುಂದಾಗಿ ನಿಲ್ಲುತ್ತವೆ. ಅಣ್ಣತಂಗಿಯರು ಒಂದೇ ಸ್ಥಾನದಲ್ಲಿದ್ದಾರೋ ಒಬ್ಬರೊಳಗೊಬ್ಬರು ಇದ್ದಾರೋ ಎಂಬುದು ಎಡ ಅಂಚಿನಿಂದಲೇ ತಿಳಿಯಬೇಕಾಗಿರುವಾಗ ಇದು ಸಣ್ಣ ತೊಂದರೆಯೇನಲ್ಲ.

ಆದುದರಿಂದ ಕನ್ನಡದ ಮಾಹಿತಿಗಾಗಿ ನಾನು ನನ್ನದೇ ಒಂದು ಪುಟ್ಟ ಮುದ್ರಣದ ಪ್ರೋಗ್ರಾಮನ್ನು ಇಟ್ಟುಕೊಂಡಿದ್ದೇನೆ. ಕೂಡಿದರೆ ನಲವತ್ತು ಸಾಲು ಆದೀತು. ಎಡ ಅಂಚನ್ನು ಅದು ಜೇಸನ್ನಿನಂತೆ ಮಟ್ಟಕ್ಕೆ ನಾಲ್ಕು ತೆರಪು ಎಂದು ಬಿಡುತ್ತದೆ; ತೆರಪುಗಳಿಗೆ ಒತ್ತಕ್ಷರವಿಲ್ಲವಾದ್ದರಿಂದ ಅವು ಯಾವ ಅಚ್ಚಿನಲ್ಲಿಯೂ ಒಂದೇ ನೇರಕ್ಕೆ ಬರುತ್ತವೆ. ಅಂಕಗಳಂಥ ಬರಿಯ ಸಂಖ್ಯೆಗಳ ಪಟ್ಟಿ ಬಂದರೆ ಪಿಪ್ರಿಂಟಿನಂತೆ ಒಂದೇ ಸಾಲಿನಲ್ಲಿ ಹಾಕುತ್ತದೆ. ಸಾಲಿನ ಉದ್ದವನ್ನು ಎಣಿಸುವಾಗ ಸ್ವರಚಿಹ್ನೆಗಳನ್ನು ಬಿಟ್ಟು, ಒತ್ತಿನ ವ್ಯಂಜನವನ್ನು ಅದರ ಮೇಲಿನ ಅಕ್ಷರದ ಜೊತೆ ಸೇರಿಸಿ ಒಂದೆಂದು ಎಣಿಸುತ್ತದೆ. ‘ಸ್ತ್ರೀ’ಗೂ ‘ರ’ಕ್ಕೂ ಹಾಳೆಯ ಮೇಲೆ ಬೇಕಾಗುವ ಜಾಗ ಒಂದೇ ಅಲ್ಲವಾದ್ದರಿಂದ ಬಲ ಅಂಚು ಈಗಲೂ ಏರುಪೇರಾಗಿಯೇ ಬರುತ್ತದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ನಮ್ಮ ಶಾಲೆಯ ಗಣಕಯಂತ್ರದ ಅಧ್ಯಾಪಕರು ಮಕ್ಕಳಿಗೆ ತೋರಿಸಲೆಂದು ಅದರ ಒಂದು ಪ್ರತಿಯನ್ನು ಕೇಳಿ ತರಿಸಿಕೊಂಡಿದ್ದಾರೆ. ‘ಳ’ಕಾರವನ್ನು ‘ಹ’ಕಾರದ ಮುಂದಕ್ಕೆ ಒಯ್ದು ಜೋಡಿಸುವ ಭಾಗವನ್ನು ಬರೆಯುವ ಕೆಲಸವನ್ನು ಹತ್ತನೆಯ ತರಗತಿಯವರಿಗೆ ಕೊಟ್ಟಿರುವುದಾಗಿ ತಿಳಿಸಿದ್ದಾರೆ.